ಹೊಳೆ ಕಾಯ್ದ ಕೋಟೆ, ಹೊಳೆದಂಡೆಯ ತೋಟ



ನಮ್ಮ ಶಿರೋಳದ ಕಡೆಯವರಿಗೆ ಹೊಳೆಯ ಗುಣ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕೃಷ್ಣೆಯ ನೀರು ನರಸೋಬಾವಾಡಿಯ ಗುಡಿಯೊಳಗೆ ಬರುತ್ತದೆ. ಬ್ಯಾಸಗಿಯಲ್ಲಿ ಅದೇ ನೀರಿಗೆ ಮೆಟ್ಟಿಲು ಇಳಿದು ಹೋಗಬೇಕು. ಇದು ನೆನಪಿನಲ್ಲಿದ್ದರೆ ಶ್ರೀರಂಗಪಟ್ಟಣದ ಕಥೆ ಬೇಗ ತಿಳಿಯುತ್ತದೆ.

ಶ್ರೀರಂಗಪಟ್ಟಣ ಮಂಡ್ಯ ಜಿಲ್ಲೆಯಲ್ಲಿದೆ. ಅಲ್ಲಿ ಕಾವೇರಿ ಹೊಳೆ ಎರಡಾಗಿ ಹರಿದು ಮತ್ತೆ ಕೂಡುತ್ತದೆ. ನಡುವೆ ಇರುವುದು ನಡುಗಡ್ಡೆ. ಅದರ ಪಶ್ಚಿಮದ ತುದಿಗೆ ಕೋಟೆ. 1610ರಲ್ಲಿ ರಾಜ ಒಡೆಯರು ಇದನ್ನು ಗೆದ್ದರು. ಮುಂದೆ ಹೈದರ್ ಅಲಿ, ಟಿಪ್ಪು ಸುಲ್ತಾನ್ ಇಲ್ಲಿಂದಲೇ ಆಳಿದರು. ಕೋಟೆಯ ಗೋಡೆ ಗಟ್ಟಿ ಹೌದು. ಆದರೆ ದೊಡ್ಡ ಕಾವಲು ಹೊಳೆಯದು. ತುಂಬಿದ ಕಾವೇರಿಯನ್ನು ಯಾವ ದಂಡು ದಾಟೀತು?

ಇದು ಇಂಗ್ಲಿಷರಿಗೂ ಗೊತ್ತಿತ್ತು. 1799ರಲ್ಲಿ ಅವರು ಬ್ಯಾಸಗಿ ನೋಡಿಕೊಂಡೇ ಬಂದರು. ಮಳೆ ಬಿದ್ದು ಹೊಳೆ ಏರಿದರೆ ಕೆಲಸ ಕೆಟ್ಟಿತು ಎಂಬ ಅವಸರ ಅವರಿಗೆ. ತೋಪು ಹೊಡೆದು ಗೋಡೆ ಒಡೆದರು. ಮೇ 4ರ ಮಧ್ಯಾಹ್ನ ಸಿಪಾಯಿಗಳು ಹೊಳೆಯನ್ನು ನಡೆದೇ ದಾಟಿದರು. ಟಿಪ್ಪು ಕಾದಾಡುತ್ತಾ ಕೋಟೆಯಲ್ಲೇ ಮಡಿದ. ಅವನ ದೇಹ ಸಿಕ್ಕ ಜಾಗದಲ್ಲಿ ಒಂದು ಕಲ್ಲು ಇದೆ. ಅಲ್ಲಿ ಬರೆದದ್ದನ್ನು ನೀವೇ ನಿಂತು ಓದಿ.

ಕೋಟೆಯ ಹೊರಗೆ, ಹೊಳೆಯ ಬದಿಗೆ, ದರಿಯಾ ದೌಲತ್ ಬಾಗ್ ಇದೆ. ಬಾಗ್ ಅಂದರೆ ತೋಟ. ತೋಟದ ನಡುವೆ ಟಿಪ್ಪುವಿನ ಬ್ಯಾಸಗಿ ಅರಮನೆ. 1784ರಲ್ಲಿ ಕಟ್ಟಿದ್ದು. ಹೆಚ್ಚಾಗಿ ಸಾಗವಾನಿ ಕಟ್ಟಿಗೆಯದು. ನನಗಂತೂ ಕೋಟೆಗಿಂತ ಇದೇ ಹೆಚ್ಚು ಹಿಡಿಸಿತು. ಗೋಡೆ ತುಂಬ ಬಣ್ಣದ ಚಿತ್ರ! ಒಂದು ದೊಡ್ಡ ಚಿತ್ರ 1780ರ ಪೊಳ್ಳಿಲೂರು ಯುದ್ಧದ್ದು. ಅದರಲ್ಲಿ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ್ದರು. ಗಾಯಗೊಂಡ ಇಂಗ್ಲಿಷ್ ಸರದಾರ ಬೇಯ್ಲಿ ಪಲ್ಲಕ್ಕಿಯಲ್ಲಿ ಕುಂತಾನೆ. ಟಿಪ್ಪು ಕೈಯಲ್ಲಿ ಗುಲಾಬಿ ಹಿಡಿದಾನೆ ನೋಡ್ರಿ!

ಆ ಯುದ್ಧದಲ್ಲಿ ಡೇವಿಡ್ ಬೇರ್ಡ್ ಎಂಬ ಇಂಗ್ಲಿಷ್ ಅಧಿಕಾರಿ ಸೆರೆಸಿಕ್ಕ. ಮೂರು ವರ್ಷಕ್ಕಿಂತ ಹೆಚ್ಚು ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದ. 1799ರಲ್ಲಿ ಹೊಳೆ ದಾಟಿದ ದಂಡಿಗೆ ಅವನೇ ಮುಂದಾಳು.

ಹೊಸದಾಗಿ ಹೆಸರು ಬರೆಯಲು ಕಲಿತ ಕೈ ಗೋಡೆ ಕಂಡರೆ ಸುಮ್ಮನಿರೋದಿಲ್ಲ. (ಬಹಳ ಓದಿದವರೂ ಗೀಚುತ್ತಾರೆ, ಅದು ಬೇರೆ ಮಾತು.) ಇಂಥ ಸ್ಮಾರಕ ಕೆಡಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2010ರಲ್ಲಿ ಕಾನೂನು ತಿದ್ದಿ ಶಿಕ್ಷೆ ಹೆಚ್ಚಿಸಿದ್ದಾರೆ. ಹೆಸರು ನಿಮ್ಮ ವಹಿಯಲ್ಲೇ ಬರೀರಿ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಮೈಸೂರು ಇನ್ನೂ 15 ಕಿಲೋಮೀಟರ್ ಇರುವಾಗ ಈ ಊರು ಸಿಗುತ್ತದೆ. ರೈಲಿಗೂ ನಿಲ್ದಾಣ ಇದೆ. ಮಳೆಗಾಲದಲ್ಲಿ ಹೋದರೆ ಹೊಳೆಗೆ ಇಳಿಯಬೇಡಿ. ದಂಡೆಯಲ್ಲಿ ನಿಂತು ನೀರು ನೋಡಿ.