ಕರುಳಿನ ಕಲೆಗೆ ಮದ್ದುಂಟೆ?

ಸುಟ್ಟ ಗಾಯ ಮಾದ ಮೇಲೂ ಕಲೆ ಉಳಿಯುವುದು ನಿಮಗೆ ಗೊತ್ತಿದೆ. ಕಲೆಗಟ್ಟಿದ ಚರ್ಮ ಬಿಗಿಯುತ್ತದೆ; ಮೊದಲಿನಂತೆ ಹಿಗ್ಗದು. ಇದೇ ಸಂಗತಿ ಕರುಳಿನಲ್ಲಿ ನಡೆದರೆ ಆಹಾರ ಸಾಗುವ ದಾರಿಯೇ ಕಿರಿದಾಗುತ್ತದೆ.

1932ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಕ್ರೋನ್, ಗಿನ್ಸ್‌ಬರ್ಗ್, ಒಪೆನ್‌ಹೈಮರ್ ಎಂಬುವರು ವರ್ಣಿಸಿದ ಕ್ರೋನ್ಸ್ ರೋಗದಲ್ಲಿ ಹೀಗಾಗುವುದುಂಟು. ಕರುಳಿನ ಗೋಡೆ ಮತ್ತೆ ಮತ್ತೆ ಉರಿತು ಬಾತು ಮಾಯುತ್ತದೆ. ಮಾಯುವಾಗಲೆಲ್ಲ ಅಲ್ಲಿ ನಾರು ಬೆಳೆಯುತ್ತದೆ. ಆಗ ಉಂಡ ಮೇಲೆ ಹಿಂಡುವ ನೋವು, ಹೊಟ್ಟೆಯುಬ್ಬರ, ವಾಂತಿ ಕಾಣಿಸಿಕೊಳ್ಳುತ್ತವೆ.

ಇಲ್ಲಿ ಒಂದು ಮಾತನ್ನು ನೆನಪಿನಲ್ಲಿಡಬೇಕು. ದಾರಿ ಕಿರಿದಾಗಲು ಕಾರಣ ಎರಡು: ಬಾವು ಮತ್ತು ನಾರು. ಬಹುಮಟ್ಟಿಗೆ ಎರಡೂ ಬೆರೆತೇ ಇರುತ್ತವೆ. ಇಂದಿನ ಮದ್ದುಗಳು ಬಾವನ್ನು ಇಳಿಸಬಲ್ಲವು. ಬೆಳೆದ ನಾರನ್ನು ಕರಗಿಸಲಾರವು.

ಸ್ಟೀರಾಯ್ಡ್ ಬಾವನ್ನು ಬೇಗ ಇಳಿಸುತ್ತದೆ, ಆದರೆ ದೀರ್ಘಕಾಲ ಸೇವಿಸಿದರೆ ಮೂಳೆ ಸವೆಯುವುದೇ ಮೊದಲಾದ ತೊಂದರೆಗಳುಂಟು. ಅಜಥಯೊಪ್ರಿನ್ ನಿಧಾನವಾಗಿ, ತಿಂಗಳುಗಳ ಮೇಲೆ ಫಲ ಕೊಡುತ್ತದೆ. ಅಡಾಲಿಮುಮಾಬ್ ಎಂಬ ಚುಚ್ಚುಮದ್ದನ್ನು ಫ್ರೆಂಚ್ ವೈದ್ಯರು ಇಂಥ 97 ರೋಗಿಗಳಿಗೆ ಕೊಟ್ಟು ನೋಡಿದರು. 2018ರಲ್ಲಿ ಪ್ರಕಟವಾದ ಅವರ ವರದಿಯಂತೆ 24 ವಾರಗಳ ಕೊನೆಗೆ ನೂರಕ್ಕೆ 64 ಮಂದಿಗೆ ಈ ಮದ್ದು ಫಲಿಸಿತ್ತು. ಆಸ್ಟ್ರೇಲಿಯದಲ್ಲಿ 77 ರೋಗಿಗಳಲ್ಲಿ ವಾಡಿಕೆಯ ಪ್ರಮಾಣವನ್ನೂ, ಹೆಚ್ಚಿನ ಪ್ರಮಾಣದೊಡನೆ ಅಜಥಯೊಪ್ರಿನ್ ವರ್ಗದ ಮದ್ದು ಸೇರಿಸಿದ ಕ್ರಮವನ್ನೂ ಹೋಲಿಸಿದರು. 2022ರ ವರದಿಯಲ್ಲಿ ಒಂದು ವರ್ಷದ ಮೇಲೆ ಸುಖ ಕಂಡವರು ಕ್ರಮವಾಗಿ ನೂರಕ್ಕೆ 64 ಮತ್ತು 79. ಆದರೆ ಈ ಅಂತರ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಲ್ಲ.

ನಾರೇ ಹೆಚ್ಚಾಗಿದ್ದರೆ? ಶ್ವಾಸಕೋಶದಲ್ಲಿ ನಾರುಗಟ್ಟುವುದನ್ನು ನಿಧಾನಗೊಳಿಸುವ ಪಿರ್ಫೆನಿಡೋನ್‌ನಂಥ ಮದ್ದುಗಳಿವೆ. ಕರುಳಿಗೆ ಅವು ಸಾಬೀತಾದ ಮದ್ದಲ್ಲ. ಆಗ ಉಳಿಯುವುದು ನಳಿಕೆಯ ಮೂಲಕ ಬಲೂನು ಇಳಿಸಿ ಹಿಗ್ಗಿಸುವುದು, ಇಲ್ಲವೆ ಶಸ್ತ್ರಕ್ರಿಯೆ. ಶಸ್ತ್ರಕ್ರಿಯೆಯೆಂದರೆ ಮದ್ದು ಸೋತಿತೆಂದು ಎದೆಗುಂದಬೇಕಾಗಿಲ್ಲ. ಎಷ್ಟೋ ಮಂದಿಗೆ ಅದೇ ಸರಿಯಾದ ದಾರಿ.

ನಮ್ಮ ದೇಶದಲ್ಲಿ ಮತ್ತೊಂದು ಎಚ್ಚರಿಕೆ ಅಗತ್ಯ. ಕರುಳಿನ ಕ್ಷಯವೂ ದಾರಿಯನ್ನು ಹೀಗೆಯೇ ಕಿರಿದಾಗಿಸುತ್ತದೆ. ಅಡಾಲಿಮುಮಾಬ್‌ನಂಥ ಮದ್ದು ಅಡಗಿರುವ ಕ್ಷಯವನ್ನು ಕೆರಳಿಸಬಲ್ಲದು. ಆದುದರಿಂದ ವೈದ್ಯರು ಮೊದಲು ಕ್ಷಯದ ಪರೀಕ್ಷೆ ಮಾಡಿಸಿದರೆ ಅದನ್ನು ಕಾಲಹರಣವೆಂದು ಎಣಿಸಬೇಡಿ. ಸ್ಟೀರಾಯ್ಡನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ. ವಾಂತಿ ನಿಲ್ಲದೆ, ಹೊಟ್ಟೆಯುಬ್ಬಿ, ಮಲವೂ ವಾಯುವೂ ಹೋಗದಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ.