ನಾಲ್ಕು ಅಡಿ ಹಲಗೆ, ಎಂಟು ವ್ಯಾಗನ್, ಒಂದು ಹತ್ತಿ ಗಿರಣಿ

ಮಾದರಿ ರೈಲು ಎಂದ ಕೂಡಲೇ ಹೆಚ್ಚಿನವರು ದುಂಡಗೆ ಸುತ್ತುವ ಹಳಿಯನ್ನೇ ನೆನೆಯುತ್ತಾರೆ. ಅದಕ್ಕೆ ಒಂದು ಮಂಚದಷ್ಟು ಜಾಗ ಬೇಕು. ನಮ್ಮ ಮನೆಗಳಲ್ಲಿ ಅಷ್ಟು ಜಾಗವನ್ನು ರೈಲಿಗೆ ಬಿಟ್ಟುಕೊಡುವವರು ಕಡಿಮೆ. ಬಿಟ್ಟುಕೊಟ್ಟರೂ ಹತ್ತು ಸುತ್ತು ಮುಗಿಯುವಷ್ಟರಲ್ಲಿ ಮಕ್ಕಳು ಎದ್ದು ಹೋಗಿರುತ್ತಾರೆ. ಇದಕ್ಕೆ ಬೇರೆ ದಾರಿಯಿದೆ: ಊರೂರು ಓಡುವ ರೈಲನ್ನು ಬಿಟ್ಟು, ಒಂದು ಕಾರ್ಖಾನೆಯ ಸೈಡಿಂಗ್ ಕಟ್ಟುವುದು. ಅಲ್ಲಿ ರೈಲು ಎಲ್ಲಿಗೂ ಹೋಗಬೇಕಿಲ್ಲ. ಹಿಂದೆ ಮುಂದೆ ಸರಿದು, ವ್ಯಾಗನ್‌ಗಳನ್ನು ಬೇಕಾದ ಸಾಲಿಗೆ ಹಾಕುವುದೇ ಅದರ ಕೆಲಸ. ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆ ಸಾಕು. ಪುಸ್ತಕದ ಕಪಾಟಿನ ಮೇಲೂ ಕೂರುತ್ತದೆ, ರಾಜ್ಯೋತ್ಸವದ ದಿನ ಸಂಘದ ಸಭಾಂಗಣದ ಮೇಜಿನ ಮೇಲೂ ಕೂರುತ್ತದೆ.

ನಮ್ಮ ಗಡಿ ಊರುಗಳವರಿಗೆ ಇದು ಹೊರಗಿನ ವಿಷಯವೇನಲ್ಲ. ಮುಂಬಯಿ ಕಡೆಯಿಂದ ಬಂದ ಹಳಿಯೂ ಮದ್ರಾಸ್ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಸೊಲ್ಲಾಪುರ, ಆದೋನಿ ಎರಡೂ ಆ ದಾರಿಯ ಮೇಲೇ ಇವೆ, ಎರಡೂ ಹತ್ತಿಯ ಊರುಗಳು. ಇಂಥ ಊರಿನ ಗೂಡ್ಸ್ ಯಾರ್ಡಿನಲ್ಲಿ ಹಿಂದೆ ಒಂದೊಂದು ವ್ಯಾಗನ್ನಿಗೂ ಬೇರೆ ಬೇರೆ ವಿಳಾಸವಿರುತ್ತಿತ್ತು. ನಾಲ್ಕು ಗಾಲಿಯ ಸಣ್ಣ ವ್ಯಾಗನ್‌ಗಳು; ಎರಡು ಗಿರಣಿಗೆ, ಒಂದು ಕಲ್ಲಿದ್ದಲಿನದು, ಇನ್ನೊಂದು ಗೂಡ್ಸ್ ಶೆಡ್ಡಿಗೆ. 1980ರ ದಶಕದಿಂದ ರೈಲ್ವೆ ಈ ಬಿಡಿ ವ್ಯಾಗನ್ ಸಾಗಣೆಯನ್ನು ಕೈಬಿಡುತ್ತ ಬಂತು. ಈಗ ಇಡೀ ರೇಕ್ ಒಂದೇ ಕಡೆ ತುಂಬಿ ಒಂದೇ ಕಡೆ ಇಳಿಯುತ್ತದೆ. ಲಾರಿ ಉಳಿದದ್ದನ್ನು ಒಯ್ದಿತು. ಸಣ್ಣ ಯಾರ್ಡುಗಳಲ್ಲಿ ಶಂಟಿಂಗ್ ನಿಂತಿತು, ಎಷ್ಟೋ ಕಡೆ ಹಳಿಯನ್ನೇ ಕಿತ್ತರು. ಗಿರಣಿಗಳ ಕಥೆ ನಿಮಗೆ ಹೇಳಬೇಕಾಗಿಲ್ಲ.

ಆದ್ದರಿಂದ ಮಾದರಿಗೆ ಯಾವ ಕಾಲವನ್ನು ಆರಿಸಿಕೊಳ್ಳುತ್ತೇವೆ ಎಂಬುದು ಬರೀ ಅಭಿರುಚಿಯ ಪ್ರಶ್ನೆಯಲ್ಲ, ಅಳತೆಯ ಪ್ರಶ್ನೆಯೂ ಹೌದು. ಇಂದಿನ ಬಾಕ್ಸ್‌ಎನ್ ವ್ಯಾಗನ್ ಒಂದರ ಉದ್ದ ಸುಮಾರು 10.7 ಮೀಟರ್. ಅಂಥ 58 ವ್ಯಾಗನ್‌ಗಳ ರೇಕನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೂ 7 ಮೀಟರಿಗಿಂತ ಉದ್ದವಾಗುತ್ತದೆ. ಹಳೆಯ ನಾಲ್ಕು ಗಾಲಿಯ ವ್ಯಾಗನ್ ಅದೇ ಅಳತೆಯಲ್ಲಿ ಕೊಂಡಿ ಸೇರಿ ಅಂಗೈ ಅಗಲ, ಸುಮಾರು 10 ಸೆಂ.ಮೀ. ಸಣ್ಣ ಜಾಗದಲ್ಲಿ ನಿಜವಾದ ಕೆಲಸ ತೋರಿಸಬೇಕಾದರೆ 1960–70ರ ದಶಕದ ಯಾರ್ಡೇ ಸರಿ.

ಅಳತೆ ಮತ್ತು ಗೇಜ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಹೊಸಬರು ಎಡವುವುದು ಇಲ್ಲೇ. 1:87 ಅಳತೆಗೆ ಎಚ್‌ಓ ಎನ್ನುತ್ತಾರೆ. ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದು ಯುರೋಪು, ಅಮೆರಿಕದ ಗೇಜಿಗೆ ಹೊಂದುವ ಲೆಕ್ಕ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19 ಮಿ.ಮೀ. ದಾಟುತ್ತದೆ. ಅಂದರೆ ಅಂಗಡಿಯ ಹಳಿ ನಮ್ಮದಕ್ಕಿಂತ ಸುಮಾರು 3 ಮಿ.ಮೀ. ಕಿರಿದು. ಹೆಚ್ಚಿನ ಹವ್ಯಾಸಿಗಳು ಇದನ್ನು ಒಪ್ಪಿಕೊಂಡು ಮುಂದೆ ಹೋಗುತ್ತಾರೆ. ನನ್ನ ಅಭಿಪ್ರಾಯವೂ ಅದೇ: ಕೈಯಲ್ಲಿ ಹಳಿ ಹೆಣೆಯುವ ಹಟಕ್ಕೆ ಬಿದ್ದವರ ಹಲಗೆ ಅಟ್ಟ ಸೇರುವುದೇ ಹೆಚ್ಚು.

ಜತ್ತ ಕಡೆಯವರಿಗೆ ಮಾತ್ರ ಇಲ್ಲೊಂದು ಅದೃಷ್ಟವಿದೆ. 1897ರಲ್ಲಿ ಶುರುವಾದ ಬಾರ್ಶಿ ಲೈಟ್ ರೈಲ್ವೆ ಮುಂದೆ ಪಂಢರಪುರ ದಾಟಿ ಜತ್ತ ರೋಡ್ ಮೂಲಕ ಮೀರಜಿನವರೆಗೆ ಬಂತು. ಅದರ ಗೇಜ್ 762 ಮಿ.ಮೀ. 87ರಿಂದ ಭಾಗಿಸಿದರೆ 8.76. ಎನ್ ಅಳತೆಯ ಮಾದರಿಗಳಿಗೆಂದು ಮಾರುವ ಹಳಿ 9 ಮಿ.ಮೀ. ಹೆಚ್ಚುಕಡಿಮೆ ಕೂದಲೆಳೆಯಷ್ಟು ವ್ಯತ್ಯಾಸ! ಆ ಹಳಿಯ ಮೇಲೆ ಎಚ್‌ಓ ಅಳತೆಯ ವ್ಯಾಗನ್ ಕಟ್ಟಿದರೆ ಬಾರ್ಶಿಯ ಗಾಡಿ ಸರಿಯಾಗಿ ಬರುತ್ತದೆ. ನೀಲಗಿರಿಯವರದು ಮೀಟರ್ ಗೇಜ್. ಅದಕ್ಕೆ 12 ಮಿ.ಮೀ. ಹಳಿ ಬೇಕು. ಕೂನೂರಿನ ಮೇಲೆ ಹಲ್ಲು ಹಳಿ ಇಲ್ಲದಿರುವುದರಿಂದ ಅರವಂಕಾಡಿನಂಥ ಕಾರ್ಖಾನೆ ಊರನ್ನು ಆರಿಸಿಕೊಂಡರೆ ಆ ತಾಪತ್ರಯವೂ ಇಲ್ಲ.

ಇನ್ನು ಹಳಿಯ ನಕ್ಷೆ. ಬ್ರಿಟನ್ನಿನ ಹವ್ಯಾಸಿ ಅಲನ್ ರೈಟ್ ಅವರು ರೂಪಿಸಿದ ‘ಇಂಗಲ್‌ನುಕ್’ ಎಂಬ ವಿನ್ಯಾಸವೇ ಸಣ್ಣ ಜಾಗಕ್ಕೆ ಇಂದಿಗೂ ಎಲ್ಲಕ್ಕಿಂತ ಒಳ್ಳೆಯದು. ಎರಡೇ ಪಾಯಿಂಟ್, ಮೂರು ಸೈಡಿಂಗ್. ಎಡಗಡೆ ಒಂದು ಶಂಟಿಂಗ್ ನೆಕ್. ಅದರಲ್ಲಿ ಒಂದು ಎಂಜಿನ್ ಮತ್ತು ಮೂರು ವ್ಯಾಗನ್ ಮಾತ್ರ ಹಿಡಿಯಬೇಕು. ಮೊದಲ ಪಾಯಿಂಟಿನಿಂದ ಐದು ವ್ಯಾಗನ್ ಹಿಡಿಯುವ ಉದ್ದ ಸೈಡಿಂಗ್ ಕವಲೊಡೆಯುತ್ತದೆ. ನೇರ ಹೋದ ಹಳಿ ಎರಡನೇ ಪಾಯಿಂಟಿನಲ್ಲಿ ಮೂರು ಮೂರು ವ್ಯಾಗನ್‌ಗಳ ಎರಡು ಸೈಡಿಂಗ್ ಆಗುತ್ತದೆ. ವ್ಯಾಗನ್ನಿಗೆ 10 ಸೆಂ.ಮೀ., ಎಂಜಿನ್ನಿಗೆ 13 ಸೆಂ.ಮೀ. ಎಂದು ಹಿಡಿಯಿರಿ. ನೆಕ್ 43, ಚಿಕ್ಕ ಪಾಯಿಂಟ್ ಸುಮಾರು 18, ಉದ್ದ ಸೈಡಿಂಗ್ 50, ಫೌಲಿಂಗ್ ಮಾರ್ಕಿನವರೆಗೆ ಬಿಡಬೇಕಾದ ಜಾಗ 8. ಒಟ್ಟು 119 ಸೆಂ.ಮೀ., ನಾಲ್ಕು ಅಡಿಯೊಳಗೆ. ಕೊಳ್ಳುವ ಮೊದಲು ನಿಮ್ಮ ಎಂಜಿನ್, ವ್ಯಾಗನ್‌ಗಳನ್ನು ಅಳೆದು ಹಾಳೆಯ ಮೇಲೆ ಪೂರ್ಣ ಗಾತ್ರದಲ್ಲಿ ಬರೆದು ನೋಡಿ.

ಆಟ ಹೀಗೆ: ಎಂಟು ವ್ಯಾಗನ್ ಇರುತ್ತವೆ, ಐದು ಉದ್ದ ಸೈಡಿಂಗ್‌ನಲ್ಲಿ, ಮೂರು ಒಂದು ಚಿಕ್ಕ ಸೈಡಿಂಗ್‌ನಲ್ಲಿ. ಎಂಟು ಚೀಟಿಗಳನ್ನು ಲೋಟಕ್ಕೆ ಹಾಕಿ ಐದನ್ನು ಎತ್ತಬೇಕು. ಚೀಟಿ ಬಂದ ಕ್ರಮದಲ್ಲೇ ಆ ಐದು ವ್ಯಾಗನ್‌ಗಳನ್ನು ಉದ್ದ ಸೈಡಿಂಗ್‌ನಲ್ಲಿ ಜೋಡಿಸಿ ನಿಲ್ಲಿಸಬೇಕು. ಕೈಯಿಂದ ಎತ್ತಿಡುವಂತಿಲ್ಲ. ಎಂಟರಲ್ಲಿ ಐದನ್ನು ಕ್ರಮವಾಗಿ ಆರಿಸುವ ಬಗೆಗಳು 8×7×6×5×4, ಅಂದರೆ 6,720. ದಿನಕ್ಕೊಂದು ಆಡಿದರೂ ಹದಿನೆಂಟು ವರ್ಷ ನಡೆಯುತ್ತದೆ. ನೆಕ್‌ನಲ್ಲಿ ಮೂರೇ ವ್ಯಾಗನ್ ಹಿಡಿಯುತ್ತದೆ ಎಂಬ ಇಕ್ಕಟ್ಟೇ ಇಡೀ ಆಟದ ಜೀವ. ಇನ್ನೊಂದು ಗೇಣು ಹಳಿ ಇರಲಿ ಎಂದು ನೆಕ್ ಉದ್ದ ಮಾಡಿದರೆ ಒಗಟು ಸತ್ತುಹೋಗುತ್ತದೆ. ಚಿಕ್ಕ ಮಕ್ಕಳಿಗೆ ಮೂರು-ಎರಡು-ಎರಡರ ಸೈಡಿಂಗ್, ನೆಕ್‌ನಲ್ಲಿ ಎಂಜಿನ್ ಜೊತೆ ಎರಡೇ ವ್ಯಾಗನ್, ಒಟ್ಟು ಐದು ವ್ಯಾಗನ್ ಇಡಬಹುದು. ಆಗ 60 ಬಗೆ.

ಈ ಒಗಟಿಗೆ ಊರಿನ ಅರ್ಥ ಕೊಡುವುದು ಕಾರ್ಖಾನೆ. ಉದ್ದ ಸೈಡಿಂಗ್ ಗೂಡ್ಸ್ ಶೆಡ್ಡಿನದು, ಒಂದು ಚಿಕ್ಕದು ಗಿರಣಿಯ ಕಟ್ಟೆಗೆ, ಇನ್ನೊಂದು ಬಾಯ್ಲರಿನ ಕಲ್ಲಿದ್ದಲು ಇಳಿಸುವ ಜಾಗಕ್ಕೆ. ಎಂಟು ವ್ಯಾಗನ್‌ಗಳಲ್ಲಿ ನಾಲ್ಕು ಮುಚ್ಚಿದವು, ಬೇಲುಗಳಿಗೆ. ಮೂರು ತೆರೆದವು, ಕಲ್ಲಿದ್ದಲಿಗೆ. ಒಂದು ಯಂತ್ರದ ಭಾಗ ತರುವ ಚಪ್ಪಟೆ ವ್ಯಾಗನ್. ಹತ್ತಿಯ ಬೇಲು ನಮ್ಮಲ್ಲಿ 170 ಕಿಲೋ ತೂಕದ್ದು. ಎಚ್‌ಓ ಅಳತೆಯಲ್ಲಿ ಅದು ಸುಮಾರು 14 ಮಿ.ಮೀ. ಉದ್ದದ ಮರದ ತುಂಡು. ತೆಳು ಬಟ್ಟೆ ಸುತ್ತಿ, ದಾರದಿಂದ ನಾಲ್ಕೈದು ಕಡೆ ಬಿಗಿದರೆ ಆಯಿತು. ಮನೆಮಂದಿ ಕೂತು ಒಂದು ಸಂಜೆಗೆ ಐವತ್ತು ಮಾಡಬಹುದು.

ಗಿರಣಿ ಕಟ್ಟಡವನ್ನು ಪೂರ್ತಿ ಕಟ್ಟಬೇಡಿ. ಹಲಗೆಯ ಹಿಂಬದಿಗೆ ಅಂಟಿಕೊಂಡಂತೆ ಮೂರ್ನಾಲ್ಕು ಸೆಂ.ಮೀ. ದಪ್ಪದ ಮುಂಗೋಡೆ ಸಾಕು. ಉಳಿದದ್ದನ್ನು ನೋಡುವವರ ಕಣ್ಣು ಕಟ್ಟಿಕೊಳ್ಳುತ್ತದೆ. ನೇಯ್ಗೆ ಶೆಡ್ಡಿನ ಛಾವಣಿ ಗರಗಸದ ಹಲ್ಲಿನಂತಿರಲಿ. ಆ ಹಲ್ಲಿನ ಕಡಿದಾದ ಮಗ್ಗುಲಿನ ಗಾಜು ಉತ್ತರಕ್ಕೆ ಮುಖ ಮಾಡಿರುತ್ತಿತ್ತು, ಮಗ್ಗದ ಮೇಲೆ ನೇರ ಬಿಸಿಲು ಬೀಳದೆ ಸಮನಾದ ಬೆಳಕು ಬರಲೆಂದು. ಚಿಮಣಿಯಲ್ಲಿ ಮಾತ್ರ ಲೆಕ್ಕ ಮುರಿಯಬೇಕು. 40 ಮೀಟರಿನ ಚಿಮಣಿ ಈ ಅಳತೆಯಲ್ಲಿ 46 ಸೆಂ.ಮೀ. ಆಗಿ ಹಲಗೆಯನ್ನೇ ನುಂಗುತ್ತದೆ. 28–30 ಸೆಂ.ಮೀ.ಗೆ ನಿಲ್ಲಿಸಿ, ಮೇಲಕ್ಕೆ ಹೋದಂತೆ ಸಪುರ ಮಾಡಿ. ಕಣ್ಣಿಗೆ ಸಾಕಷ್ಟು ಎತ್ತರವೇ ಕಾಣುತ್ತದೆ.

ಹಲಗೆಗೆ 9 ಮಿ.ಮೀ. ಪ್ಲೈವುಡ್, ಕೆಳಗೆ ರೀಪಿನ ಚೌಕಟ್ಟು. ಕಾಸರಗೋಡು, ವಯನಾಡಿನ ಮಳೆಗೆ ಪ್ಲೈವುಡ್ ನೀರು ಕುಡಿದು ಡೊಂಕಾಗುತ್ತದೆ. ಹಳಿ ಹಾಕುವ ಮೊದಲು ಎರಡೂ ಬದಿಗೆ, ಅಂಚಿಗೂ ಸೇರಿ, ಬಣ್ಣ ಅಥವಾ ವಾರ್ನಿಷ್ ಬಳಿಯಬೇಕು. ಸೊಲ್ಲಾಪುರ, ರಾಯದುರ್ಗದ ಬೇಸಿಗೆಯಲ್ಲಿ ಸಮಸ್ಯೆ ತಿರುಗುಮುರುಗು. ಚಳಿಗಾಲದಲ್ಲಿ ಬಿಗಿಯಾಗಿ ಕೂಡಿಸಿದ ಹಳಿ ಮೇ ತಿಂಗಳಿಗೆ ಉಬ್ಬಿ ನಿಲ್ಲುತ್ತದೆ. ಜೋಡಣೆಗಳಲ್ಲಿ ಅರ್ಧ ಮಿ.ಮೀ. ಸಂದು ಬಿಡಿ.

ವಿದ್ಯುತ್ತು 12 ವೋಲ್ಟ್ ಡಿಸಿ. ಧನ-ಋಣ ಅದಲುಬದಲಾದರೆ ಎಂಜಿನ್ ಹಿಂದಕ್ಕೆ ಹೋಗುತ್ತದೆ. ಪಾಯಿಂಟಿನ ಮಧ್ಯದ ವಿ ಆಕಾರದ ತುಂಡು ಪ್ಲಾಸ್ಟಿಕ್ಕಿನದಾದರೆ ಚಿಕ್ಕ ಎಂಜಿನ್ ಅಲ್ಲಿ ಬಂದು ಕರೆಂಟು ಸಿಗದೆ ನಿಂತುಬಿಡುತ್ತದೆ, ಲೋಹದ್ದನ್ನೇ ಕೊಳ್ಳಿ. ಈ ವಿನ್ಯಾಸದಲ್ಲಿ ಶಂಟಿಂಗ್ ನೆಕ್‌ಗೆ ಎರಡು ತಂತಿ ಕೊಟ್ಟರೆ ಮುಗಿಯಿತು, ಬೇರೆಲ್ಲೂ ಬೇಡ. ಎಂಜಿನ್ ವಿಷಯದಲ್ಲಿ ಹಣ ಉಳಿಸಬೇಡಿ. ನಮ್ಮ ಡಬ್ಲ್ಯುಡಿಎಸ್-4 ಶಂಟರಿನಂಥ ಆರು ಗಾಲಿಯ ವಿದೇಶಿ ಮಾದರಿ ತಂದು ಬಣ್ಣ ಬಳಿದರೆ ನಡೆಯುತ್ತದೆ, ಆದರೆ ಅದು ಇರುವೆ ನಡಿಗೆಯಲ್ಲಿ ನಿಲ್ಲದೆ ಹೋಗಬೇಕು. ಅಂಗಡಿಯಲ್ಲಿ ವೇಗವಾಗಿ ಓಡಿಸಿ ತೋರಿಸುತ್ತಾರೆ. ನಿಧಾನವಾಗಿ ಓಡಿಸಿ ಎಂದು ಕೇಳಿ.

ನೆಲಕ್ಕೆ ನಿಮ್ಮೂರಿನ ಮಣ್ಣನ್ನೇ ಹಾಕಿ, ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ. ಎರೆ ಮಣ್ಣಾಗಲಿ ಕೆಮ್ಮಣ್ಣಾಗಲಿ ಬಾಣಲೆಯಲ್ಲಿ ಹುರಿದು (ಹುಳ, ಬೀಜ ಸಾಯಲಿ), ಹಿಟ್ಟಿನ ಜರಡಿಯಲ್ಲಿ ಸೋಸಿ, ಮೇಲೆ ಒಂದು ಅಯಸ್ಕಾಂತ ಆಡಿಸಿ. ಕಬ್ಬಿಣದ ಕಣ ಇದ್ದರೆ ಅಂಟಿಕೊಳ್ಳುತ್ತದೆ. ಬಿಟ್ಟರೆ ಅದು ಎಂಜಿನ್ನಿನ ಮೋಟಾರ್ ಸೇರುತ್ತದೆ. ಹಳಿಯ ಜಲ್ಲಿಗೆ ಸಣ್ಣ ಮರಳು. ಫೆವಿಕಾಲಿಗೆ ಸಮ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಡ್ರಾಪರಿನಿಂದ ಹನಿಸಿದರೆ ಕಲ್ಲು ಕದಲದೆ ಒಳಗಿಳಿಯುತ್ತದೆ.

ಇಷ್ಟೆಲ್ಲ ಕೈಕೆಲಸಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದನ್ನು ಕೊನೆಗೆ ಹೇಳುತ್ತಿದ್ದೇನೆ. ನಿಮ್ಮೂರಿನ ಯಾರ್ಡು, ಗಿರಣಿ, ಪ್ರೆಸ್ಸುಗಳಲ್ಲಿ ದುಡಿದ ಹಿರಿಯರನ್ನು ಈಗಲೇ ಕೇಳಿಕೊಳ್ಳಿ. ಹಳಿಯ ನಕ್ಷೆ ಎಲ್ಲಾದರೂ ಸಿಕ್ಕೀತು. ವ್ಯಾಗನ್ ಎಷ್ಟು ಹೊತ್ತಿಗೆ ಬರುತ್ತಿತ್ತು, ಎಂಜಿನ್ ಇಲ್ಲದಾಗ ಎಷ್ಟು ಜನ ಹಮಾಲರು ಸೇರಿ ಅದನ್ನು ತಳ್ಳುತ್ತಿದ್ದರು, ಬೇಲನ್ನು ಹೆಗಲಿಗೆ ಏರಿಸುವಾಗ ಯಾವ ಭಾಷೆಯಲ್ಲಿ ಕೂಗುತ್ತಿದ್ದರು, ಗಿರಣಿಯ ಭೋಂಗಾ ಎಷ್ಟು ಸಲ ಕೂಗುತ್ತಿತ್ತು, ನಿಲ್ದಾಣದ ಫಲಕದಲ್ಲಿ ಯಾವ ಯಾವ ಲಿಪಿಗಳಿದ್ದವು, ಇದನ್ನು ಅವರೇ ಹೇಳಬೇಕು. ‘ಅಜ್ಜಾ, ಕಲ್ಲಿದ್ದಲು ಯಾವ ಕಡೆ ಇಳಿಸ್ತಿದ್ರಿ?’ ಎಂದು ಮೊಮ್ಮಗ ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹಾಳೆಯ ಮೇಲೆ ಬರೆದ ಪೂರ್ಣ ಗಾತ್ರದ ನಕ್ಷೆಯನ್ನು ಅವರ ಮುಂದೆ ಹಾಸಿ, ಕೈಗೆ ಪೆನ್ಸಿಲ್ ಕೊಡಿ. ಅವರು ತಿದ್ದಿದ ಮೇಲೆ ಹಲಗೆ ಕೊಯ್ಯಿರಿ.