ಚದುರಂಗದ ನಿಯಮವೂ ಸೈನ್ಯದ ಸ್ವರೂಪವೂ

ನಮ್ಮೂರಾದ ಜಾವಗಲ್ಲಿನ ಹೊಯ್ಸಳ ದೇಗುಲದ ತಳಪಟ್ಟಿಕೆಗಳಲ್ಲಿ ಆನೆ ಕುದುರೆಗಳು ಸಾಲಾಗಿ ಸಾಗಿವೆ. ಆನೆ, ಕುದುರೆ, ರಥ, ಕಾಲಾಳು ಎಂಬ ಸೈನ್ಯದ ನಾಲ್ಕು ಅಂಗಗಳಿಂದಲೇ ಚದುರಂಗಕ್ಕೆ ಹೆಸರು ಬಂದಿತು. ಹಿಂದೆ ಮಂತ್ರಿ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದನು. ದೊರೆಯ ಪಕ್ಕದ ಸಲಹೆಗಾರನಿಗೆ ಅದು ತಕ್ಕ ನಡೆ. ಯುರೋಪಿನಲ್ಲಿ ರಾಣಿಯೆನಿಸಿದ್ದ ಈ ಕಾಯಿಗೆ 15ನೆಯ ಶತಮಾನದ ಕೊನೆಯಲ್ಲಿ ಎಂಟು ದಿಕ್ಕುಗಳ ಓಟ ದೊರೆಯಿತು. ಆ ನಿಯಮ ನಮ್ಮಲ್ಲಿಗೂ ಬಂದು, ಹೆಸರು ಬದಲಾಗದೆಯೇ ಮಂತ್ರಿ ದಂಡನಾಯಕನಾದನು.

ನಮ್ಮಜ್ಜನ ಹಳೆಯ ಆಟದಲ್ಲಿ ಕುದುರೆಯ ಸಾಲಿನ ಕಾಲಾಳು ಕೊನೆಯ ಮನೆ ಮುಟ್ಟಿದರೆ ಕುದುರೆಯೇ ಆಗಬೇಕು. ಕಾಲೇಜಿನ ಪಂದ್ಯದಲ್ಲಿ ಯಾವ ಕಾಲಾಳಾದರೂ ಮಂತ್ರಿಯಾಗಬಹುದು. ಒಂದರಲ್ಲಿ ಸ್ಥಾನಕ್ಕೆ ತಕ್ಕ ಪದವಿ, ಇನ್ನೊಂದರಲ್ಲಿ ಶ್ರಮಕ್ಕೆ ತಕ್ಕ ಪದವಿ. ನಾನು ಹೊಸದನ್ನು ಮೆಚ್ಚುತ್ತೇನೆ. ಆದರೆ ಅಜ್ಜನೊಡನೆ ಹಳೆಯದನ್ನೇ ಆಡುತ್ತೇನೆ. ಅದನ್ನು ಬಲ್ಲವರು ನಮ್ಮ ಬೀದಿಯಲ್ಲಿ ಈಗ ನಾವಿಬ್ಬರೇ.